ಸವೆದ ಬ್ರೇಕ್ ಪ್ಯಾಡ್: ನೋಡುವುದು ಹೇಗೆ, ಬದಲಿಸುವುದು ಹೇಗೆ

ನನ್ನ ಮೇಜಿನ ಮೇಲೆ ಕಾರಿನ ಒಂದು ಹಳೆ ಬ್ರೇಕ್ ಪ್ಯಾಡ್ ಇದೆ. ಫ್ಯಾನ್ ಗಾಳಿಗೆ ಕಾಗದ ಹಾರದಿರಲಿ ಅಂತ ತೊಳೆದು ಇಟ್ಟುಕೊಂಡಿದ್ದೇನೆ. ಪಕ್ಕದಿಂದ ನೋಡಿದರೆ ಅದರ ಸವೆಯುವ ಪದರ ಒಂದು ತುದಿಯಲ್ಲಿ 5 ಮಿಲಿಮೀಟರ್ ದಪ್ಪ, ಇನ್ನೊಂದು ತುದಿಯಲ್ಲಿ ಒಂದೂವರೆ ಮಿಲಿಮೀಟರ್. ಬಾಗಿಲಿಗೆ ಸಿಕ್ಕಿಸುವ ಮರದ ಬೆಣೆಯ ಹಾಗೆ. ಮೊದಲ ಸಲ ನಾನೇ ಪ್ಯಾಡ್ ಬದಲಿಸಿದಾಗ ಕಳಚಿ ಬಂದದ್ದು ಇದು. ಆಗ ಈ ಆಕಾರದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಹೊಸದು ಹಾಕಿದೆ, ಚಕ್ರ ಕೂರಿಸಿದೆ, ಬೀಗಿದೆ. ಕೆಲವೇ ತಿಂಗಳಲ್ಲಿ ಹೊಸ ಪ್ಯಾಡೂ ಅದೇ ಬೆಣೆಯಾಗಿತ್ತು.

ತಪ್ಪು ಪ್ಯಾಡಿನದಲ್ಲ. ಪ್ಯಾಡನ್ನು ಒತ್ತಿ ಹಿಡಿಯುವ ಇಕ್ಕಳ, ಅಂದರೆ ಕ್ಯಾಲಿಪರ್, ಜಾರಬೇಕಾದ ಎರಡು ಪಿನ್‌ಗಳಲ್ಲಿ ಒಂದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹಳೆ ಪ್ಯಾಡ್ ಅದನ್ನೇ ಹೇಳುತ್ತಿತ್ತು, ನನಗೆ ಕೇಳಿಸಲಿಲ್ಲ ಅಷ್ಟೇ. ಪ್ಯಾಡ್ ಬದಲಿಸುವುದು ನಿಜಕ್ಕೂ ದೊಡ್ಡ ವಿದ್ಯೆಯಲ್ಲ. ಬೋಲ್ಟ್ ಬಿಚ್ಚಿ ಬಿಗಿ ಮಾಡಿ ಅಭ್ಯಾಸ ಇರುವವರಿಗೆ, ಅವಸರ ಮಾಡದಿದ್ದರೆ, ಎರಡು ಮೂರು ಗಂಟೆಯ ಕೆಲಸ. ಆದರೆ ಹಳೆಯದು ಯಾಕೆ ಹಾಗೆ ಸವೆಯಿತು ಅಂತ ನೋಡದೆ ಹೊಸದು ಹಾಕಿದರೆ ಕೆಲಸ ಅರ್ಧವೇ ಆದ ಹಾಗೆ. ಹಾಗಾಗಿ ಇಲ್ಲಿ ಬಿಚ್ಚುವುದಕ್ಕಿಂತ ನೋಡುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಳಗೆ ನಡೆಯುವುದೇನು

ಚಕ್ರದ ಜೊತೆಗೇ ತಿರುಗುವ ಬೀಡು ಕಬ್ಬಿಣದ ತಟ್ಟೆಯೇ ಡಿಸ್ಕ್. ಅದರ ಅಂಚನ್ನು ಇಕ್ಕಳದ ಹಾಗೆ ಕವಿದುಕೊಂಡು ಕೂತಿರುವುದು ಕ್ಯಾಲಿಪರ್. ಇಕ್ಕಳದ ಎರಡು ದವಡೆಗಳಲ್ಲಿ ಒಂದೊಂದು ಪ್ಯಾಡ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಕ್ಯಾಲಿಪರ್ ಒಳಗಿನ ಪಿಸ್ಟನ್ ಅನ್ನುವ ದುಂಡನೆ ಲೋಹದ ತುಂಡನ್ನು ತಳ್ಳುತ್ತದೆ, ಪಿಸ್ಟನ್ ಒಳಗಡೆಯ, ಅಂದರೆ ಗಾಡಿಯ ಕಡೆಗಿರುವ, ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಬಹಳಷ್ಟು ಕಾರುಗಳಲ್ಲಿ ಹೊರಗಡೆಯ ಪ್ಯಾಡಿಗೆ ಬೇರೆ ಪಿಸ್ಟನ್ ಇರುವುದಿಲ್ಲ. ಒಳಗಿನ ಪ್ಯಾಡ್ ಡಿಸ್ಕ್‌ಗೆ ತಾಗಿ ನಿಂತ ಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರುತ್ತದೆ. ಜಾರುತ್ತಾ ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕ್‌ಗೆ ಒತ್ತುತ್ತದೆ. ಈ ಜಾರುವ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪ್ಯಾಡ್ ಅಂದರೆ ಉಕ್ಕಿನ ಹಲಗೆಗೆ ಅಂಟಿಸಿದ ಒಂದು ಪದರ. ಸವೆಯಲೆಂದೇ ಇರುವ ಪದರ ಅದು. ತಾನು ಸವೆದು ಬೇರೆಯದನ್ನು ಉಳಿಸುವುದು ಅದರ ಕೆಲಸ. ಈ ಯೋಚನೆ ಕಾರಿನಷ್ಟೇ ಹಳೆಯದು. 1888ರಲ್ಲಿ ಬರ್ತಾ ಬೆಂಜ್ ತಮ್ಮ ಗಂಡ ಕಾರ್ಲ್ ಬೆಂಜ್ ಕಟ್ಟಿದ್ದ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಾಗ ದಾರಿಯ ಇಳಿಜಾರುಗಳಲ್ಲಿ ಮರದ ಬ್ರೇಕ್ ಸವೆದುಹೋಯಿತು. ಬೂಟು ಹೊಲಿಯುವವರ ಹತ್ತಿರ ಅದಕ್ಕೆ ತೊಗಲು ಹೊಡೆಸಿಕೊಂಡು ಮುಂದೆ ಹೋದರು. ತೊಗಲು ಸವೆದರೆ ಬೇರೆ ತೊಗಲು, ಮರ ಹಾಗೇ ಉಳಿಯುತ್ತದೆ. ಇವತ್ತಿನ ಪ್ಯಾಡ್ ಮಾಡುವುದೂ ಅದನ್ನೇ.

ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಅದಕ್ಕೇ ಮುಂದಿನ ಪ್ಯಾಡ್‌ಗಳು ಸಾಮಾನ್ಯವಾಗಿ ಬೇಗ ಸವೆಯುತ್ತವೆ. ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇದ್ದರೆ ಅದರ ಲೆಕ್ಕವೇ ಬೇರೆ. ಅಲ್ಲಿ ಪ್ಯಾಡ್ ಅಲ್ಲ, ಶೂ ಇರುತ್ತದೆ. ಅದು ಇಲ್ಲಿ ಬೇಡ.

ಅನುಮಾನ ಬರಬೇಕಾದದ್ದು ಯಾವಾಗ

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಒಂದೇ ಉತ್ತರ ಇಲ್ಲ. ಟ್ರಾಫಿಕ್‌ನಲ್ಲೇ ಓಡುವ ಗಾಡಿಯಲ್ಲಿ 20 ಸಾವಿರಕ್ಕೇ ಮುಗಿಯಬಹುದು. ಹೆದ್ದಾರಿಯಲ್ಲಿ ನಿಧಾನವಾಗಿ ಓಡಿಸುವವರಲ್ಲಿ 60 ಸಾವಿರ ದಾಟಲೂಬಹುದು. ಕಿಲೋಮೀಟರ್ ಎಣಿಸುವುದಕ್ಕಿಂತ ದಪ್ಪ ನೋಡುವುದೇ ಸರಿ.

ಹಾಗಿದ್ದೂ ಗಾಡಿ ತಾನೇ ಕೆಲವು ಸೂಚನೆ ಕೊಡುತ್ತದೆ. ಪೆಡಲ್ ಒತ್ತಿದಾಗ ಕೀಂಯ್ ಅಂತ ಸಣ್ಣ, ಚೂಪು ದನಿ ಬಂದರೆ ಬಹುಶಃ ಅದು ಪ್ಯಾಡಿಗೆ ಸಿಕ್ಕಿಸಿರುವ ತೆಳು ಉಕ್ಕಿನ ನಾಲಿಗೆ. ಪದರ ಎರಡು ಮೂರು ಮಿಲಿಮೀಟರ್‌ಗೆ ಇಳಿದಾಗ ಅದು ಡಿಸ್ಕ್‌ಗೆ ತಾಗಿ ಕೂಗಲಿ ಅಂತಲೇ ಇಟ್ಟಿರುತ್ತಾರೆ. ಕೆಲವು ಕಾರುಗಳಲ್ಲಿ ನಾಲಿಗೆಯ ಬದಲು ಒಂದು ವೈರ್ ಇರುತ್ತದೆ. ಅದು ಸವೆದಾಗ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತದೆ. ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲ ಎರಡು ಬ್ರೇಕ್‌ಗೆ ಗೊರಗೊರ ಅಂದು ಸುಮ್ಮನಾದರೆ ಹೆದರಬೇಡಿ. ಅದು ಡಿಸ್ಕ್ ಮೇಲಿನ ತೆಳು ತುಕ್ಕು, ಉಜ್ಜಿ ಹೋಗುತ್ತದೆ. ಆದರೆ ಪ್ರತಿ ಸಲವೂ ಕಬ್ಬಿಣಕ್ಕೆ ಕಬ್ಬಿಣ ಕೆರೆದ ಹಾಗೆ ಗರಗರ ಅಂದರೆ ಪದರ ಮುಗಿದು ಉಕ್ಕಿನ ಹಲಗೆ ಡಿಸ್ಕನ್ನು ತಿನ್ನುತ್ತಿದೆ ಅಂತ ಅರ್ಥ. ಆಮೇಲೆ ಆ ಗಾಡಿ ಓಡಿಸಬೇಡಿ.

ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆದರೆ ಒಂದು ಕಡೆಯ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅಂತ ಅನುಮಾನ ಪಡಿ. ಪೆಡಲ್ ಕಾಲಿನಡಿ ದಡದಡ ನಡುಗಿದರೆ ಸಾಮಾನ್ಯವಾಗಿ ಡಿಸ್ಕ್‌ನ ದಪ್ಪ ಸುತ್ತಲೂ ಒಂದೇ ಸಮ ಉಳಿದಿಲ್ಲ.

ಇನ್ನೊಂದು ಸೂಚನೆ ಬಾನೆಟ್ ಒಳಗೆ ಇದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬಂದು ನಿಲ್ಲುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯಿಂದ ಬ್ರೇಕ್ ಆಯಿಲ್ ಇಳಿಯುತ್ತದೆ. ಮಟ್ಟ ನಿಧಾನವಾಗಿ ಕಡಿಮೆಯಾಗಿದೆ, ಎಲ್ಲೂ ಸೋರಿಲ್ಲ ಅಂದರೆ ಪ್ಯಾಡ್ ನೋಡುವ ಹೊತ್ತು ಬಂದಿದೆ. ಆಗ ಸುಮ್ನೆ ಆಯಿಲ್ ತುಂಬಿಸಿ ಮುಂದೆ ಹೋಗಬೇಡಿ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ಹೋಗುತ್ತದೆ, ತುಂಬಿಸಿದ್ದೆಲ್ಲ ಉಕ್ಕಿ ಹೊರಗೆ ಚೆಲ್ಲುತ್ತದೆ. ಮಟ್ಟ ದಿಢೀರ್ ಇಳಿದರೆ ಅದು ಸೋರಿಕೆ. ಆ ಗಾಡಿಯನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಚಕ್ರ ಬಿಚ್ಚದೆ ಒಂದು ನೋಟ

ಅಲಾಯ್ ಚಕ್ರವಾದರೆ ಕಡ್ಡಿಗಳ ನಡುವಿನಿಂದ ಟಾರ್ಚ್ ಬಿಟ್ಟು ನೋಡಿದರೆ ಹೊರಗಿನ ಪ್ಯಾಡ್ ಕಾಣುತ್ತದೆ. ಮೊದಲು ಉಕ್ಕಿನ ಹಲಗೆ, ಅದಕ್ಕೂ ಡಿಸ್ಕ್‌ಗೂ ನಡುವೆ ಕಪ್ಪಗಿನ ಪದರ. ಅಳೆಯಬೇಕಾದದ್ದು ಆ ಪದರವನ್ನು ಮಾತ್ರ. ಹಲಗೆಯನ್ನೂ ಸೇರಿಸಿ ಲೆಕ್ಕ ಹಾಕಿ, ಇನ್ನೂ ಬೇಕಾದಷ್ಟಿದೆ ಅಂತ ಸಮಾಧಾನ ಪಟ್ಟುಕೊಳ್ಳುವವರೇ ಜಾಸ್ತಿ.

ಹೊಸ ಪ್ಯಾಡಿನಲ್ಲಿ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸಿ. ಅಳೆಯಲು ಆಗದಿದ್ದರೆ ಒಂದು ಸುಲಭದ ಉಪಾಯ ಇದೆ: ಪದರ ತನ್ನ ಹಿಂದಿನ ಉಕ್ಕಿನ ಹಲಗೆಗಿಂತ ತೆಳ್ಳಗೆ ಕಂಡರೆ ಹೊಸ ಪ್ಯಾಡ್ ತಂದಿಟ್ಟುಕೊಳ್ಳಿ.

ಆದರೆ ಈ ನೋಟವನ್ನು ಪೂರ್ತಿ ನಂಬಬೇಡಿ. ಕಾಣುವುದು ಹೊರಗಿನ ಪ್ಯಾಡ್. ಬೇಗ ಸವೆಯುವುದು ಅನೇಕ ಸಲ ಒಳಗಿನದು. ಹೊರಗೆ 6 ಮಿ.ಮೀ. ಇದ್ದು ಒಳಗೆ ಬರೀ ಹಲಗೆ ಉಳಿದಿರುವುದೂ ಉಂಟು. ಚಕ್ರ ಕಳಚಿದಾಗಲೆಲ್ಲ, ಟೈರ್ ಬದಲಿಸುವಾಗಲೂ, ಒಳಗಿನದನ್ನು ಬಗ್ಗಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಜಾಕ್, ಎತ್ತಿದ ಗಾಡಿಯನ್ನು ಹೊತ್ತು ನಿಲ್ಲಿಸಲು ಎರಡು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಒಡ್ಡಲು ಮರದ ತುಂಡು ಅಥವಾ ಕಲ್ಲು. ವೀಲ್ ಸ್ಪ್ಯಾನರ್, ಸಾಕೆಟ್ ಸೆಟ್, ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್. ಪಿಸ್ಟನ್ ಒತ್ತಲು ಒಂದು ಸಿ ಕ್ಲ್ಯಾಂಪ್. ತಂತಿ ಬ್ರಷ್, ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್, ಹಳೆ ಬಟ್ಟೆ. ಕ್ಯಾಲಿಪರ್ ತೂಗುಹಾಕಲು ಗಟ್ಟಿ ತಂತಿ. ಕೈಗವಸು, ಮಾಸ್ಕ್, ಕಣ್ಣಿಗೆ ಕನ್ನಡಕ.

ಪ್ಯಾಡ್ ತರುವಾಗ ಕಾರಿನ ಮಾದರಿ, ವರ್ಷ ಎರಡನ್ನೂ ಹೇಳಿ ತನ್ನಿ. ಒಂದೇ ಕಾರಿಗೆ ವರ್ಷ ಬದಲಾದಾಗ ಬ್ರೇಕ್ ಬದಲಾಗಿರುವುದುಂಟು. ಎಡ ಬಲ ಎರಡಕ್ಕೂ ಒಟ್ಟಿಗೇ ಹಾಕಬೇಕು. ಒಂದು ಕಡೆ ಮಾತ್ರ ಹೊಸದು ಹಾಕಿದರೆ ಹಿಡಿತ ಹೆಚ್ಚು ಕಡಿಮೆಯಾಗಿ ಗಾಡಿ ಎಳೆಯುತ್ತದೆ. ಜೊತೆಗೆ ಬರುವ ತೆಳು ಉಕ್ಕಿನ ಕ್ಲಿಪ್‌ಗಳನ್ನೂ ಕೇಳಿ ತನ್ನಿ. ಹಳೆ ಕ್ಲಿಪ್ ಬಳಸಿ ಉಳಿಸುವುದು ಏನೇನೂ ಇಲ್ಲ.

ದೂಳಿನ ಬಗ್ಗೆ ಒಂದು ಮಾತು. ಹಿಂದೆಲ್ಲ ಪ್ಯಾಡ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ದೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು. ಹಳೆ ಗಾಡಿಯಲ್ಲಿ ಯಾವ ಕಾಲದ ಪ್ಯಾಡ್ ಇದೆಯೋ ಹೇಳುವುದು ಕಷ್ಟ. ಹೊಸ ಪ್ಯಾಡಿನ ದೂಳೂ ಮೂಗಿಗೆ ಒಳ್ಳೆಯದಲ್ಲ. ಆದ್ದರಿಂದ ಬಾಯಿಂದ ಊದಬೇಡಿ, ಕಂಪ್ರೆಸರ್ ಗಾಳಿ ಬಿಡಬೇಡಿ. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ.

ಗಾಡಿ ಎತ್ತುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಮಣ್ಣು ನೆಲದಲ್ಲಿ ಜಾಕ್ ಹೂತುಹೋಗುತ್ತದೆ. ಮುಂದಿನ ಬ್ರೇಕ್ ಕೆಲಸವಾದರೆ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಹಿಂದಿನ ಚಕ್ರಗಳಿಗೆ ಒಡ್ಡು ಕೊಡಿ. ಚಕ್ರದ ನಟ್‌ಗಳನ್ನು ಗಾಡಿ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಮಾಡಹೊರಟರೆ ಚಕ್ರವೇ ತಿರುಗುತ್ತದೆ, ಜೋರು ಮಾಡಿದರೆ ಗಾಡಿ ಜಾಕ್‌ನಿಂದ ಜಾರುತ್ತದೆ.

ಆಮೇಲೆ ಕಾರಿನ ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು ಎತ್ತಿ, ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲಿಸುವುದಕ್ಕಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ತೂರಿಸಬೇಡಿ. ಇದರಲ್ಲಿ ರಾಜಿ ಇಲ್ಲ. ಕಳಚಿದ ಚಕ್ರವನ್ನು ಗಾಡಿಯ ಅಂಚಿನ ಕೆಳಗೆ ಮಲಗಿಸಿಟ್ಟರೆ ಇನ್ನೊಂದು ಭದ್ರತೆ.

ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಹೋಗಿ. ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಯಾವ ಕ್ಲಿಪ್ ಎಲ್ಲಿತ್ತು ಅಂತ ಮರೆತಾಗ ಬಿಚ್ಚದ ಕಡೆಯನ್ನು ನೋಡಿ ಬರಬಹುದು. ಫೋನಿನಲ್ಲಿ ಫೋಟೋ ಕೂಡ ತೆಗೆದಿಟ್ಟುಕೊಳ್ಳಿ, ನೆನಪಿಗಿಂತ ಅದೇ ವಾಸಿ.

ಕ್ಯಾಲಿಪರ್ ಬಿಚ್ಚುವುದು

ಸ್ಟಿಯರಿಂಗನ್ನು ಎಡಕ್ಕೋ ಬಲಕ್ಕೋ, ಕ್ಯಾಲಿಪರ್ ಇರುವ ಜಾಗ ನೋಡಿಕೊಂಡು ತಿರುಗಿಸಿದರೆ ಕ್ಯಾಲಿಪರ್‌ನ ಬೆನ್ನು ಹೊರಗೆ ಬಂದು ಕೈಗೆ ಸಿಗುತ್ತದೆ. ಅಲ್ಲಿ ಎರಡು ಪಿನ್ ಬೋಲ್ಟ್ ಕಾಣುತ್ತವೆ, ಮೇಲೊಂದು ಕೆಳಗೊಂದು. ಹೆಚ್ಚಿನ ಕಾರುಗಳಲ್ಲಿ ಕೆಳಗಿನದನ್ನು ಬಿಚ್ಚಿದರೆ ಸಾಕು, ಕ್ಯಾಲಿಪರ್ ಮೇಲಿನ ಪಿನ್ ಸುತ್ತ ಬಾಗಿಲಿನ ಹಾಗೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ಬೋಲ್ಟ್ ಜೊತೆ ಪಿನ್ ಕೂಡ ತಿರುಗುತ್ತಿದ್ದರೆ ಹಿಂದೆ ತೆಳು ಸ್ಪ್ಯಾನರ್ ಕೊಟ್ಟು ಹಿಡಿಯಿರಿ.

ಪ್ಯಾಡ್‌ಗಳು ಡಿಸ್ಕ್‌ನ ಸವೆಯದೆ ಉಬ್ಬಿ ಉಳಿದ ಅಂಚಿಗೆ ಸಿಕ್ಕಿ ಕ್ಯಾಲಿಪರ್ ಏಳದಿರಬಹುದು. ಕೈಯಲ್ಲಿ ಹಿಡಿದು ಅತ್ತಿತ್ತ ಅಲುಗಾಡಿಸಿದರೆ ಪಿಸ್ಟನ್ ಸ್ವಲ್ಪ ಹಿಂದೆ ಹೋಗಿ ಸಡಿಲವಾಗುತ್ತದೆ. ಸುತ್ತಿಗೆ ಏಟು ಬೇಡ.

ಎರಡೂ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಪೂರ್ತಿ ತೆಗೆಯುವುದಾದರೆ ತಂತಿಯಲ್ಲಿ ಚಕ್ರದ ಹಿಂದಿರುವ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ ತೂಗುಹಾಕಿ. ಅದಕ್ಕೆ ಸೇರಿದ ರಬ್ಬರ್ ಪೈಪಿನಿಂದ ಜೋತಾಡಲು ಬಿಡಬೇಡಿ. ಪೈಪ್ ಒಳಗೊಳಗೇ ಹರಿಯಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ. ಮತ್ತೊಂದು ಎಚ್ಚರಿಕೆ: ಈ ಹೊತ್ತಿನಲ್ಲಿ ಯಾರೂ ಬ್ರೇಕ್ ಪೆಡಲ್ ಮುಟ್ಟಬಾರದು. ತಡೆಯಲು ಡಿಸ್ಕ್ ಇಲ್ಲದ ಪಿಸ್ಟನ್ ಒಂದೆರಡು ಒತ್ತಿಗೆ ಹೊರಗೇ ಬಂದುಬಿಡುತ್ತದೆ. ಮಕ್ಕಳು ಸ್ಟಿಯರಿಂಗ್ ಹಿಂದೆ ಕೂತು ಆಟ ಆಡುವ ಮನೆಯಾದರೆ ಬಾಗಿಲು ಲಾಕ್ ಮಾಡಿ.

ಹಳೆ ಪ್ಯಾಡ್ ಏನು ಹೇಳುತ್ತದೆ

ಈಗ ಪ್ಯಾಡ್‌ಗಳನ್ನು ಎಳೆದು ತೆಗೆಯಿರಿ. ಯಾವುದು ಒಳಗಿನದು, ಯಾವುದು ಹೊರಗಿನದು, ಮೇಲಿನ ತುದಿ ಯಾವುದು ಅಂತ ಹಿಂಬದಿಗೆ ಮಾರ್ಕರ್‌ನಲ್ಲಿ ಬರೆಯಿರಿ. ಆಮೇಲೆ ಎರಡನ್ನೂ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ಬೆಳಕಿನಲ್ಲಿ ನೋಡಿ. ಅವಸರ ಬೇಡ.

ಎರಡೂ ಸುಮಾರಾಗಿ ಒಂದೇ ಸಮ ಸವೆದಿದ್ದರೆ ಕ್ಯಾಲಿಪರ್ ಚೆನ್ನಾಗಿದೆ. ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ಚಿಂತೆ ಬೇಡ.

ಒಳಗಿನದು ಬಹಳ ಸವೆದು ಹೊರಗಿನದು ದಪ್ಪಗೇ ಉಳಿದಿದ್ದರೆ? ಮೊದಲು ಹೇಳಿದ ಜಾರುವ ವಿಷಯ ನೆನಪಿಸಿಕೊಳ್ಳಿ. ಪಿಸ್ಟನ್ ಒಳಗಿನ ಪ್ಯಾಡನ್ನು ನೇರವಾಗಿ ಒತ್ತುತ್ತದೆ. ಹೊರಗಿನದಕ್ಕೆ ಕ್ಯಾಲಿಪರ್ ಜಾರಿ ಬರಬೇಕು. ಪಿನ್‌ಗಳು ಕಚ್ಚಿಕೊಂಡರೆ ಅದು ಜಾರುವುದಿಲ್ಲ, ಹೊರಗಿನ ಪ್ಯಾಡ್ ಕೆಲಸವನ್ನೇ ಮಾಡುವುದಿಲ್ಲ. ಎರಡು ಪ್ಯಾಡಿನ ಕೆಲಸ ಒಂದೇ ಮಾಡಿ ಸವೆಯುತ್ತದೆ. ಕೆಲವೊಮ್ಮೆ ಪಿಸ್ಟನ್ ಸರಿಯಾಗಿ ಹಿಂದೆ ಸರಿಯದೆ ಒಳಗಿನ ಪ್ಯಾಡ್ ಸದಾ ಉಜ್ಜುತ್ತಿದ್ದರೂ ಹೀಗೇ ಆಗುತ್ತದೆ.

ಹೊರಗಿನದೇ ಜಾಸ್ತಿ ಸವೆದಿದ್ದರೆ ಕ್ಯಾಲಿಪರ್ ಮುಂದೆ ಜಾರಿ ಬಂದು ಹಿಂದಕ್ಕೆ ಹೋಗುತ್ತಿಲ್ಲ. ಇಲ್ಲೂ ಪಿನ್‌ಗಳನ್ನೇ ಮೊದಲು ನೋಡಿ.

ನನ್ನ ಮೇಜಿನ ಮೇಲಿನ ಪ್ಯಾಡಿನ ಹಾಗೆ ಬೆಣೆ ಆಕಾರಕ್ಕೆ ಸವೆದಿದ್ದರೆ ಒಂದು ಪಿನ್ ಜಾರುತ್ತಿದೆ, ಇನ್ನೊಂದು ಹಿಡಿದಿದೆ. ಕ್ಯಾಲಿಪರ್ ಓರೆಯಾಗಿ ಒತ್ತುತ್ತಿದೆ. ಪ್ಯಾಡಿನ ತುದಿಯ ಕಿವಿಗಳು ಅವು ಕೂರುವ ಬ್ರಾಕೆಟ್‌ನಲ್ಲಿ ತುಕ್ಕಿಗೆ ಸಿಕ್ಕಿಕೊಂಡರೂ ಇದೇ ಆಕಾರ ಬರಬಹುದು. ನನ್ನದರಲ್ಲಿ ತೆಳ್ಳಗಿನ ತುದಿ ಮೇಲಿತ್ತು. ಕೆಳಗಿನ ಪಿನ್ ಕೈಯಲ್ಲಿ ಎಳೆದರೆ ಕದಲಲೂ ಇಲ್ಲ.

ಎಡಗಡೆಯ ಎರಡೂ ಪ್ಯಾಡ್ ಮುಗಿದು ಬಲಗಡೆಯವು ಚೆನ್ನಾಗಿದ್ದರೆ ಎಡ ಕ್ಯಾಲಿಪರ್ ಬಿಡುತ್ತಿಲ್ಲ, ಇಲ್ಲವೇ ಬಲದ್ದು ಹಿಡಿಯುತ್ತಿಲ್ಲ. ಎರಡನ್ನೂ ಪರೀಕ್ಷಿಸಬೇಕು.

ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಅಂಚುಗಳು ಬೂದಿ ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿದ್ದರೆ ಅತಿಯಾಗಿ ಕಾದಿದೆ. ಇಳಿಜಾರಿನಲ್ಲಿ ಗೇರ್ ಇಳಿಸದೆ ಉದ್ದಕ್ಕೂ ಬ್ರೇಕ್ ಮೇಲೇ ಬಂದರೆ, ಅಥವಾ ಕ್ಯಾಲಿಪರ್ ಬಿಡದೆ ಹಿಡಿದೇ ಇದ್ದರೆ ಹೀಗಾಗುತ್ತದೆ. ಪ್ಯಾಡ್ ಜಿಡ್ಡಾಗಿ ಒದ್ದೆಯಿದ್ದರೆ ಪಿಸ್ಟನ್ ಸೀಲ್‌ನಿಂದ ಆಯಿಲ್ ಸೋರುತ್ತಿರಬಹುದು. ಅಲ್ಲಿಗೆ ಕೆಲಸ ನಿಲ್ಲಿಸಿ, ಅದು ಪ್ಯಾಡ್ ಬದಲಿಸಿ ಮುಗಿಯುವ ರೋಗವಲ್ಲ.

ಪಿನ್, ಬ್ರಾಕೆಟ್, ಡಿಸ್ಕ್

ಪಿನ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಒಳಗೆ ಹೊರಗೆ ಆಡಿಸಿ. ಸಣ್ಣ ತಡೆಯೊಂದಿಗೆ ನುಣ್ಣಗೆ ಜಾರಬೇಕು. ಎಳೆದಾಗ ತೊಡಕುತ್ತಿದ್ದರೆ ಪೂರ್ತಿ ಹೊರತೆಗೆಯಿರಿ. ಹಳೆ ಗ್ರೀಸ್ ಒಣಗಿ ಮೇಣದ ಹಾಗೆ ಕಪ್ಪಗಾಗಿರುತ್ತದೆ. ಅದನ್ನು ಒರೆಸಿ, ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು, ಪಿನ್ ಕೂರುವ ತೂತಿನ ಒಳಗನ್ನೂ ಚೊಕ್ಕ ಮಾಡಿ. ಪಿನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಪಿನ್ ಬದಲಿಸಿ, ರಬ್ಬರ್ ಟೊಪ್ಪಿಗೆ ಹರಿದಿದ್ದರೆ ಅದನ್ನೂ ಬದಲಿಸಿ. ನೀರು ಒಳಗೆ ಹೋಗುವುದೇ ಆ ಹರುಕಿನಿಂದ.

ಮೇಲಿನ ಪಿನ್ ಮತ್ತು ಕೆಳಗಿನ ಪಿನ್ ಅನೇಕ ಕಾರುಗಳಲ್ಲಿ ಒಂದೇ ಅಲ್ಲ. ಒಂದರ ತುದಿಗೆ ರಬ್ಬರ್ ಉಂಗುರ ಇರುತ್ತದೆ. ಅದಲು ಬದಲು ಮಾಡಬೇಡಿ. ಗ್ರೀಸ್ ತೆಳುವಾಗಿ ಹಚ್ಚಿ, ಅದೂ ಬ್ರೇಕಿನ ಸಿಲಿಕೋನ್ ಗ್ರೀಸನ್ನೇ. ಮನೆಯಲ್ಲಿ ಸಿಕ್ಕ ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ, ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ತೂತಿಗೆ ಗ್ರೀಸ್ ತುಂಬಿಸಿಟ್ಟರೂ ತೊಂದರೆ. ಗಾಳಿ ಹೋಗಲು ಜಾಗವಿಲ್ಲದೆ ಪಿನ್ ಹಿಂದಕ್ಕೆ ಒತ್ತಿ ಬರುತ್ತದೆ.

ಪ್ಯಾಡ್ ಕೂರುವ ಬ್ರಾಕೆಟ್‌ನಿಂದ ಹಳೆ ಕ್ಲಿಪ್ ಕಿತ್ತರೆ ಕೆಳಗೆ ತುಕ್ಕಿನ ಪದರ ಕಾಣುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ ಲೋಹ ಕಾಣಿಸಿ. ಇದನ್ನು ಬಿಟ್ಟರೆ ಹೊಸ ಕ್ಲಿಪ್ ಉಬ್ಬಿ ಕೂತು ಪ್ಯಾಡ್ ಬಿಗಿಯಾಗುತ್ತದೆ.

ಡಿಸ್ಕ್ ಮೇಲೆ ಉಗುರು ಎಳೆದು ನೋಡಿ. ತೆಳು ಗೀರುಗಳು ಮಾಮೂಲಿ. ಉಗುರು ಗಕ್ಕನೆ ಸಿಕ್ಕಿ ನಿಲ್ಲುವಷ್ಟು ಆಳದ ತೋಡು ಇದ್ದರೆ, ಬಿರುಕು ಕಂಡರೆ, ಕಾದು ನೀಲಿ ಮಚ್ಚೆಗಳಾಗಿದ್ದರೆ ಡಿಸ್ಕನ್ನೂ ಜೋಡಿಯಾಗಿ ಬದಲಿಸುವುದು ಒಳ್ಳೆಯದು. ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ. ಹೊಸದರಲ್ಲಿ 22 ಮಿ.ಮೀ. ಇರುವ ಡಿಸ್ಕ್‌ಗೆ 20 ಮಿ.ಮೀ. ಮಿತಿ ಇರಬಹುದು, ಅಂದರೆ ಸವೆಯಲು ಇರುವ ಅವಕಾಶ ಅಷ್ಟೇ. ಅಳೆಯುವಾಗ ಮೈಕ್ರೋಮೀಟರ್ ಬಳಸಿ, ನಾಲ್ಕೈದು ಕಡೆ ಅಳೆಯಿರಿ. ವರ್ನಿಯರ್‌ನ ದವಡೆಗಳು ಸವೆಯದ ಹೊರ ಅಂಚಿನ ಮೇಲೆ ಕೂತು ದಪ್ಪವನ್ನು ಜಾಸ್ತಿ ತೋರಿಸುತ್ತವೆ. ಹೊಸ ಡಿಸ್ಕ್ ಹಾಕುವುದಾದರೆ ಅದರ ಮೇಲಿನ ತುಕ್ಕು ತಡೆಯುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೊಳೆಯಬೇಕು.

ಪಿಸ್ಟನ್ ಹಿಂದಕ್ಕೆ ಒತ್ತುವುದು

ಹೊಸ ಪ್ಯಾಡ್ ದಪ್ಪ. ಅದಕ್ಕೆ ಜಾಗ ಮಾಡಲು ಪಿಸ್ಟನ್ ಹಿಂದೆ ಹೋಗಬೇಕು. ಮೊದಲು ಪಿಸ್ಟನ್ ಸುತ್ತಲಿನ ರಬ್ಬರ್ ಹರಿದಿಲ್ಲ, ಒದ್ದೆಯಿಲ್ಲ ಅಂತ ನೋಡಿ. ಬಾನೆಟ್ ತೆರೆದು ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ, ಸುತ್ತ ಬಟ್ಟೆ ಇಡಿ. ಮಟ್ಟ ಮೇಲಿನ ಗೆರೆಯಲ್ಲೇ ಇದ್ದರೆ ಚೊಕ್ಕವಾದ ಸಿರಿಂಜ್‌ನಿಂದ ಸ್ವಲ್ಪ ತೆಗೆಯಿರಿ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಹಳೆ ಪ್ಯಾಡನ್ನು ಪಿಸ್ಟನ್ ಮುಖಕ್ಕೆ ಅಡ್ಡ ಹಿಡಿದು ಸಿ ಕ್ಲ್ಯಾಂಪ್ ಹಾಕಿ ನಿಧಾನ ತಿರುಗಿಸಿ. ಕಾಲು ಸುತ್ತು, ಒಂದು ಕ್ಷಣ ಬಿಡುವು, ಮತ್ತೆ ಕಾಲು ಸುತ್ತು. ನೇರವಾಗಿ ಹೋಗುತ್ತಿದೆಯಾ ನೋಡುತ್ತಿರಿ, ಮಧ್ಯೆ ಎದ್ದು ಹೋಗಿ ಡಬ್ಬಿ ಉಕ್ಕುತ್ತಿಲ್ಲ ತಾನೆ ಅಂತಲೂ ನೋಡಿ. ಎಷ್ಟು ಬಿಗಿದರೂ ಪಿಸ್ಟನ್ ಕದಲದಿದ್ದರೆ ಕ್ಯಾಲಿಪರ್ ಒಳಗೆ ತುಕ್ಕು ಹಿಡಿದಿದೆ, ಇಲ್ಲವೇ ರಬ್ಬರ್ ಪೈಪ್ ಒಳಗೆ ಊದಿ ಮುಚ್ಚಿಕೊಂಡಿದೆ. ಬಲ ಹಾಕಬೇಡಿ, ಗೊತ್ತಿರುವವರನ್ನು ಕರೆಯಿರಿ.

ಹಿಂದಿನ ಚಕ್ರಗಳಿಗೆ ಡಿಸ್ಕ್ ಇದ್ದು, ಹ್ಯಾಂಡ್‌ಬ್ರೇಕ್ ಅದೇ ಕ್ಯಾಲಿಪರ್‌ನಲ್ಲಿದ್ದರೆ ಪಿಸ್ಟನ್ ಸುಮ್ಮನೆ ಒತ್ತಿದರೆ ಹೋಗುವುದಿಲ್ಲ. ಅದನ್ನು ಸ್ಕ್ರೂ ಹಾಗೆ ತಿರುಗಿಸುತ್ತಾ ಒಳಗೆ ಕಳಿಸಬೇಕು, ಅದಕ್ಕೆ ಬೇರೆ ಸಾಧನ ಇದೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನಲ್ಲಿ ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು. ಅದನ್ನು ಮಾಡದೆ ಒತ್ತಿದರೆ ಮೋಟಾರ್ ಹಾಳಾಗುತ್ತದೆ. ಮೊದಲ ಪ್ರಯೋಗ ಮುಂದಿನ ಚಕ್ರಗಳ ಮೇಲೇ ಇರಲಿ ಅನ್ನುವುದು ನನ್ನ ಸಲಹೆ.

ಹೊಸದನ್ನು ಕೂರಿಸುವುದು

ಹೊಸ ಕ್ಲಿಪ್ ಹಾಕಿ. ಪ್ಯಾಡಿನ ಕಿವಿಗಳು ಕ್ಲಿಪ್‌ಗೆ ತಾಗುವಲ್ಲಿ, ಮತ್ತು ಹಿಂಬದಿಯಲ್ಲಿ ಪಿಸ್ಟನ್ ಹಾಗೂ ಹೊರಗಿನ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ನ ಬೆರಳು ತಾಗುವಲ್ಲಿ ಉಗುರಿಗೆ ಹತ್ತುವಷ್ಟೇ ಗ್ರೀಸ್ ಸವರಿ. ಪ್ಯಾಡಿನ ಹಿಂದೆ ಅಂಟು ಹಾಳೆ ಇದ್ದರೆ ಅಲ್ಲಿ ಬೇಡ. ಉಜ್ಜುವ ಮುಖಕ್ಕೂ ಡಿಸ್ಕ್‌ಗೂ ಒಂದು ಚುಕ್ಕೆಯೂ ತಾಗಬಾರದು. ಗ್ರೀಸ್ ಮುಟ್ಟಿದ ಕೈಗವಸನ್ನು ಬದಲಿಸಿಯೇ ಪ್ಯಾಡ್ ಮುಟ್ಟಿ.

ಕೂಗುವ ನಾಲಿಗೆ ಇರುವ ಪ್ಯಾಡನ್ನು ಹಳೆಯದು ಎಲ್ಲಿತ್ತೋ ಅಲ್ಲೇ ಹಾಕಿ. ಸಾಮಾನ್ಯವಾಗಿ ಅದು ಒಳಗಿನದು. ಕೆಲವು ಪ್ಯಾಡ್‌ಗಳ ಮೇಲೆ ಚಕ್ರ ತಿರುಗುವ ದಿಕ್ಕಿಗೆ ಬಾಣದ ಗುರುತು ಇರುತ್ತದೆ. ಕೂರಿಸಿದ ಮೇಲೆ ಪ್ಯಾಡನ್ನು ಬೆರಳಿನಿಂದ ಡಿಸ್ಕ್ ಕಡೆಗೆ ತಳ್ಳಿ, ಎಳೆಯಿರಿ. ಸಲೀಸಾಗಿ ಚಲಿಸಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಕಾದರೆ ಏನೋ ತಪ್ಪಿದೆ. ಸಾಮಾನ್ಯವಾಗಿ ಅದು ಬಿಟ್ಟುಹೋದ ತುಕ್ಕು.

ಕ್ಯಾಲಿಪರ್ ಇಳಿಸಿ, ಪೈಪ್ ತಿರುಚಿಕೊಂಡಿಲ್ಲ ಅಂತ ನೋಡಿ, ಬೋಲ್ಟನ್ನು ಮೊದಲು ಕೈಯಲ್ಲೇ ಕೆಲವು ಸುತ್ತು ಹಾಕಿ. ಬಿಗಿತಕ್ಕೆ ನಿಮ್ಮ ಕಾರಿನ ಪುಸ್ತಕದ ಅಂಕಿಯೇ ಪ್ರಮಾಣ. ಅಂದಾಜಿಗೆ ಹೇಳುವುದಾದರೆ ಬಹಳಷ್ಟು ಸಣ್ಣ ಕಾರುಗಳಲ್ಲಿ ಪಿನ್ ಬೋಲ್ಟ್ 25–35 ನ್ಯೂಟನ್ ಮೀಟರ್, ಚಕ್ರದ ನಟ್ 90–120. ಪಿನ್ ಬೋಲ್ಟ್‌ಗೆ ಬೇಕಾದದ್ದು ಎಷ್ಟು ಕಮ್ಮಿ ನೋಡಿ. ಉದ್ದನೆ ಹಿಡಿಯ ಸ್ಪ್ಯಾನರ್ ಮೇಲೆ ಮೈಭಾರ ಹಾಕಿದರೆ ಅದು ಮುರಿದೇ ಹೋಗುತ್ತದೆ. ಚಕ್ರ ಹಾಕಿ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಗಾಡಿ ಇಳಿಸಿದ ಮೇಲೆ ಟಾರ್ಕ್ ರೆಂಚ್‌ನಿಂದ ಕೊನೆಯ ಬಿಗಿ ಕೊಡಿ.

ಚಲಿಸುವ ಮೊದಲು ಪೆಡಲ್

ಎರಡೂ ಕಡೆ ಮುಗಿಯಿತು. ಈಗ ಪಿಸ್ಟನ್ ಪೂರ್ತಿ ಹಿಂದೆ ಇದೆ, ಅದಕ್ಕೂ ಪ್ಯಾಡಿಗೂ ನಡುವೆ ಖಾಲಿ ಜಾಗ. ಮೊದಲ ಸಲ ಪೆಡಲ್ ಒತ್ತಿದರೆ ಅದು ನೆಲಕ್ಕೇ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನನ್ನ ಗೆಳೆಯನೊಬ್ಬ ಇದನ್ನು ಮರೆತು ರಿವರ್ಸ್ ಹಾಕಿದ. ಎರಡು ಹೂಕುಂಡ ಪುಡಿಯಾದವು, ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ.

ಎಂಜಿನ್ ಚಾಲೂ ಮಾಡುವ ಮೊದಲೇ ಪೆಡಲನ್ನು ನಿಧಾನವಾಗಿ ಒತ್ತಿ ಬಿಡಿ, ಒತ್ತಿ ಬಿಡಿ. ಕೆಲವು ಸಲ ಒತ್ತುವಷ್ಟರಲ್ಲಿ ಕಾಲಿಗೆ ಗಟ್ಟಿ ಸಿಗುತ್ತದೆ. ಆಮೇಲೆ ಎಂಜಿನ್ ಹಾಕಿ ಮತ್ತೊಮ್ಮೆ ನೋಡಿ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗೇ ಉಳಿದರೆ ಗಾಡಿ ಹೊರಗೆ ತೆಗೆಯಬೇಡಿ, ಪೈಪಿನಲ್ಲಿ ಗಾಳಿ ಸೇರಿರಬಹುದು.

ಈಗ ಆಯಿಲ್ ಮಟ್ಟ ನೋಡಿ, ಬೇಕಿದ್ದರೆ ಮಾತ್ರ ತುಂಬಿಸಿ. ಯಾವ ಆಯಿಲ್ ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ, ಹೆಚ್ಚಾಗಿ ಡಾಟ್ 3 ಅಥವಾ ಡಾಟ್ 4. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಬಹಳ ದಿನದಿಂದ ತೆರೆದಿಟ್ಟ ಬಾಟಲಿಯದೂ ಬೇಡ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ನೂರಕ್ಕೆ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದ್ದು ಗುಳ್ಳೆಯಾದರೆ ಪ್ಯಾಡ್ ಎಷ್ಟು ಹೊಸದಾದರೂ ಪೆಡಲ್ ಕೆಳಗೆ ಹೋಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನುವುದು.

ಪ್ಯಾಡ್ ಪಳಗಿಸುವುದು

ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಅದರ ಮುಖ ಡಿಸ್ಕ್‌ಗೆ ಹೊಂದಿಕೊಳ್ಳಬೇಕು, ಡಿಸ್ಕ್ ಮೇಲೆ ಅದರ ತೆಳು ಪದರ ಸಮನಾಗಿ ಕೂರಬೇಕು. ಪ್ಯಾಡಿನ ಡಬ್ಬಿಯಲ್ಲಿ ವಿಧಾನ ಬರೆದಿದ್ದರೆ ಅದನ್ನೇ ಅನುಸರಿಸಿ. ಇಲ್ಲದಿದ್ದರೆ ವಾಹನವಿಲ್ಲದ ರಸ್ತೆಯಲ್ಲಿ 50–60 ಕಿ.ಮೀ. ವೇಗದಿಂದ ಹದವಾಗಿ ಬ್ರೇಕ್ ಒತ್ತಿ 15–20ಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಅರ್ಧ ನಿಮಿಷ ಸುಮ್ಮನೆ ಓಡಿಸಿ, ಗಾಳಿಗೆ ತಣ್ಣಗಾಗಲಿ. ಹೀಗೆ ಎಂಟು ಹತ್ತು ಸಲ. ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ಹಿಡಿದು ನಿಂತರೆ ಆ ಜಾಗದಲ್ಲಿ ಮಾತ್ರ ಪದರ ಕೂತು ಆಮೇಲೆ ಪೆಡಲ್ ನಡುಗುತ್ತದೆ. ಸುಟ್ಟ ವಾಸನೆ ಸ್ವಲ್ಪ ಬರುತ್ತದೆ, ಹೆದರಬೇಡಿ. ಮೊದಲ 200–300 ಕಿಲೋಮೀಟರ್ ಮುಂದಿನ ಗಾಡಿಗೆ ಜಾಸ್ತಿ ಅಂತರ ಬಿಟ್ಟು ಓಡಿಸಿ.

ಪಳಗಿಸಿ ಬಂದ ಮೇಲೆ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ, ನಿಂತು, ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಎರಡರ ಬಿಸಿಯೂ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು ಚಕ್ರ ಮಾತ್ರ ಧಗಧಗ ಅನ್ನುತ್ತಿದ್ದರೆ ಆ ಕ್ಯಾಲಿಪರ್ ಬಿಡುತ್ತಿಲ್ಲ, ಮತ್ತೆ ಬಿಚ್ಚಿ ಪಿನ್ ನೋಡಬೇಕು. ಎರಡನೇ ಸಲ ನಾನು ಸಿಕ್ಕಿಬಿದ್ದ ಪಿನ್ ತೆಗೆದು ಹೊಸದು ಹಾಕಿದ ಮೇಲೆ ಈ ಅಂಗೈ ಪರೀಕ್ಷೆಯಲ್ಲಿ ಎರಡೂ ಕಡೆ ಒಂದೇ ಬಿಸಿ ಇತ್ತು.

ಸುಮಾರು 100 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ. ಓಡೋಮೀಟರ್ ಎಷ್ಟಿತ್ತು, ಹಳೆ ಪ್ಯಾಡ್‌ಗಳು ನಾಲ್ಕೂ ಎಷ್ಟೆಷ್ಟು ದಪ್ಪ ಉಳಿದಿದ್ದವು ಅಂತ ಕಾರಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ಚಕ್ರ ಬಿಚ್ಚಿದಾಗ ಹೋಲಿಸಿ ನೋಡಲು ಅದು ಬೇಕು.